ಒಂದು ಗಣಕದಲ್ಲಿ ಕುಳಿತು ಮತ್ತೊಂದಕ್ಕೆ ತಂತ್ರಾಂಶ: ಅನುಕರಣ ಪರಿಸರದ ಪರಿಚಯ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ತೂಗುವ ವಿದ್ಯುನ್ಮಾನ ತಕ್ಕಡಿ, ಗೌರಿಬಿದನೂರು ಸೀಮೆಯ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಹಾಲಿನ ಜಿಡ್ಡಿನ ಅಂಶ ಅಳೆಯುವ ಪೆಟ್ಟಿಗೆ, ಚಿಂತಾಮಣಿಯ ಬಸ್ಸಿನಲ್ಲಿ ನಿರ್ವಾಹಕರ ಕೈಯಲ್ಲಿರುವ ಟಿಕೆಟ್ ಯಂತ್ರ. ನೋಡಲು ಒಂದಕ್ಕೊಂದು ಸಂಬಂಧವಿಲ್ಲದ ಈ ಸಾಧನಗಳ ಒಳಗೆ ಒಂದೊಂದು ಪುಟ್ಟ ಗಣಕ ಅಡಗಿರುತ್ತದೆ. ರೈತನಿಗೆ ಸಲ್ಲಬೇಕಾದ ಹಣದ ಲೆಕ್ಕ ಆ ಗಣಕದ ತಂತ್ರಾಂಶದ ಮೂಲಕವೇ ಹಾದು ಬರುತ್ತದೆ. ಆದರೆ ಆ ತಂತ್ರಾಂಶವನ್ನು ಆ ಪೆಟ್ಟಿಗೆಯ ಮೇಲೆಯೇ ಸಿದ್ಧಪಡಿಸಲು ಸಾಧ್ಯವಿಲ್ಲ. ಅದಕ್ಕೆ ಪೂರ್ಣ ಕೀಲಿಮಣೆಯಿಲ್ಲ, ಸಾಕಷ್ಟು ಸ್ಮೃತಿಯಿಲ್ಲ, ಕಂಪೈಲರ್ ಇಟ್ಟುಕೊಳ್ಳುವಷ್ಟು ಜಾಗವೂ ಇಲ್ಲ. ತಂತ್ರಾಂಶ ಹುಟ್ಟುವುದು ಬೇರೊಂದು ಬಗೆಯ ಪ್ರೊಸೆಸರ್ ಇರುವ ದೊಡ್ಡ ಗಣಕದಲ್ಲಿ, ದುಡಿಯುವುದು ಇಲ್ಲಿ.

ಹುಟ್ಟುವ ಜಾಗಕ್ಕೂ ದುಡಿಯುವ ಜಾಗಕ್ಕೂ ನಡುವಿನ ಈ ಅಂತರವನ್ನು ದಾಟಲು ಎರಡು ಮಾರ್ಗಗಳುಂಟು. ಒಂದು ಕ್ರಾಸ್ ಕಂಪೈಲರ್. ಎರಡನೆಯದು ಅನುಕರಣ ಪರಿಸರ, ಅಂದರೆ ಎಮ್ಯುಲೇಟರ್ ಎಂಬ ತಂತ್ರಾಂಶದ ನೆರವಿನಿಂದ ನಮ್ಮ ಗಣಕದೊಳಗೇ ಆ ಬೇರೆ ಗಣಕವನ್ನು ನಟಿಸುವಂತೆ ಮಾಡಿ, ಅದರೊಳಗೆ ಕುಳಿತು ತಂತ್ರಾಂಶ ಕಟ್ಟುವುದು. ಈ ಲೇಖನ ಮುಖ್ಯವಾಗಿ ಎರಡನೆಯದನ್ನು ಕುರಿತದ್ದು.

ಆದೇಶಗಳ ಭಾಷೆ

ಪ್ರತಿಯೊಂದು ಪ್ರೊಸೆಸರ್ ಕುಟುಂಬಕ್ಕೂ ತನ್ನದೇ ಆದ ಆದೇಶಗಳ ಪಟ್ಟಿ ಇರುತ್ತದೆ. ಮನೆ, ಕಚೇರಿಗಳ ಬಹುಪಾಲು ಗಣಕಗಳಲ್ಲಿರುವುದು ಇಂಟೆಲ್ ಮತ್ತು ಎಎಂಡಿ ಕಂಪನಿಗಳ ಎಕ್ಸ್86 ಕುಟುಂಬ. ಮೊಬೈಲ್ ದೂರವಾಣಿಗಳಲ್ಲಿಯೂ ಅಂಗೈಯಗಲದ ರಾಸ್ಪ್‌ಬೆರಿ ಪೈನಂಥ ಫಲಕಗಳಲ್ಲಿಯೂ ಇರುವುದು ಆರ್ಮ್ ಕುಟುಂಬ. ಇತ್ತೀಚಿನದು ರಿಸ್ಕ್-ಫೈವ್. ಮದರಾಸಿನ ಐಐಟಿಯ ‘ಶಕ್ತಿ’, ಸಿ-ಡ್ಯಾಕ್ ಸಂಸ್ಥೆಯ ‘ವೇಗ’ ಪ್ರೊಸೆಸರ್‌ಗಳು ಈ ಕುಟುಂಬಕ್ಕೆ ಸೇರಿದವು. ಸಿ ಭಾಷೆಯಲ್ಲಿ ಬರೆದ ಆಕರ ಸಂಕೇತ ಎಲ್ಲ ಕಡೆಗೂ ಒಂದೇ ಇರಬಹುದು. ಆದರೆ ಕಂಪೈಲರ್ ಅದನ್ನು ಯಂತ್ರದ ಆದೇಶಗಳಾಗಿ ಇಳಿಸಿದ ಮೇಲೆ ಒಂದು ಕುಟುಂಬದ ಕಡತ ಇನ್ನೊಂದರಲ್ಲಿ ಓಡದು. ಲಿನಕ್ಸ್ ವ್ಯವಸ್ಥೆಯಲ್ಲಿ ಹೀಗೆ ಓಡಿಸಲು ಹೋದರೆ ‘ಕಡತದ ಸ್ವರೂಪ ಸರಿಯಿಲ್ಲ’ ಎಂಬ ಅರ್ಥದ ಒಂದು ಸಾಲಿನ ಸಂದೇಶ ಬಂದು ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಲಿನಕ್ಸ್‌ನ ಕಾರ್ಯಕಡತಗಳ ತಲೆಬರಹದಲ್ಲಿ ಕುಟುಂಬದ ಗುರುತಿನ ಸಂಖ್ಯೆಯೇ ಬರೆದಿರುತ್ತದೆ. ಹಳೆಯ 32 ಬಿಟ್ ಇಂಟೆಲ್‌ಗೆ 3, 64 ಬಿಟ್‌ಗೆ 62, 32 ಬಿಟ್ ಆರ್ಮ್‌ಗೆ 40, 64 ಬಿಟ್ ಆರ್ಮ್‌ಗೆ 183, ರಿಸ್ಕ್-ಫೈವ್‌ಗೆ 243. ಈ ಪುಟ್ಟ ಸಂಖ್ಯೆಯೇ ಮುಂದೆ ಅನುಕರಣ ಪರಿಸರಕ್ಕೆ ಆಧಾರವಾಗುತ್ತದೆ.

ಕ್ರಾಸ್ ಕಂಪೈಲರ್ ಎಂದರೆ ಎಕ್ಸ್86 ಗಣಕದಲ್ಲಿ ಓಡುತ್ತಲೇ ಆರ್ಮ್ ಆದೇಶಗಳನ್ನು ಹೊರಹಾಕುವ ಕಂಪೈಲರ್. ಇದು ವೇಗವಾದದ್ದು, ಸಣ್ಣ ತಂತ್ರಾಂಶಗಳಿಗೆ ಇದಕ್ಕಿಂತ ಒಳ್ಳೆಯದು ಬೇರಿಲ್ಲ. ತೊಂದರೆ ಬರುವುದು ದೊಡ್ಡ ತಂತ್ರಾಂಶಗಳಲ್ಲಿ. ಅವು ಕಟ್ಟುವ ಹಂತದಲ್ಲಿಯೇ ಸಣ್ಣಪುಟ್ಟ ಪರೀಕ್ಷಾ ಪ್ರೋಗ್ರಾಮ್‌ಗಳನ್ನು ತಯಾರಿಸಿ, ಓಡಿಸಿ, ‘ಈ ಗಣಕದಲ್ಲಿ ಪೂರ್ಣಾಂಕದ ಅಳತೆ ಎಷ್ಟು, ಇಂಥ ಸೌಲಭ್ಯ ಇದೆಯೇ’ ಎಂದು ಕೇಳಿಕೊಳ್ಳುತ್ತವೆ. ಕೆಲವು ತಾವೇ ಆಗಷ್ಟೇ ಕಟ್ಟಿದ ಉಪಕರಣವನ್ನು ಓಡಿಸಿ ಮುಂದಿನ ಆಕರ ಸಂಕೇತವನ್ನು ಉತ್ಪಾದಿಸುತ್ತವೆ. ಕ್ರಾಸ್ ಕಂಪೈಲರ್ ತಯಾರಿಸಿದ್ದು ಆರ್ಮ್ ಕಡತವಾದುದರಿಂದ ಇಂಟೆಲ್ ಗಣಕದಲ್ಲಿ ಅದು ಓಡುವುದಿಲ್ಲ. ಪ್ರಶ್ನೆಗೆ ಉತ್ತರ ಸಿಗದೆ ಕಟ್ಟಡ ಅರ್ಧಕ್ಕೆ ನಿಲ್ಲುತ್ತದೆ. ಇನ್ನೂ ಕೆಟ್ಟದ್ದೆಂದರೆ, ಇಂಟೆಲ್ ಗಣಕದ ಉತ್ತರವನ್ನೇ ಆರ್ಮ್‌ನ ಉತ್ತರವೆಂದು ತಪ್ಪಾಗಿ ತಿಳಿದು ಅದು ಮುಂದುವರಿಯುತ್ತದೆ.

ಅರ್ಧ ಶತಮಾನದ ಹಿಂದೆ

ಇಲ್ಲದ ಗಣಕಕ್ಕೆ ತಂತ್ರಾಂಶ ಬರೆದ ಅತ್ಯಂತ ಪ್ರಸಿದ್ಧ ಪ್ರಸಂಗ 1975ರದು. ಆಲ್ಟೇರ್ 8800 ಎಂಬ ಕಿಟ್ ಗಣಕದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಪಾಲ್ ಆಲನ್ ಮತ್ತು ಬಿಲ್ ಗೇಟ್ಸ್ ಅದಕ್ಕೆ ಬೇಸಿಕ್ ಭಾಷೆಯ ತಂತ್ರಾಂಶ ಕೊಡುವುದಾಗಿ ತಯಾರಕರಿಗೆ ತಿಳಿಸಿದರು. ಅವರ ಬಳಿ ಆಲ್ಟೇರ್ ಆಗಲಿ, ಅದರೊಳಗಿನ ಇಂಟೆಲ್ 8080 ಚಿಪ್ ಆಗಲಿ ಇರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಪಿಡಿಪಿ-10 ಎಂಬ ದೊಡ್ಡ ಗಣಕದ ಮೇಲೆ ಆಲನ್ 8080ರ ಅನುಕರಣೆಯನ್ನು ಬರೆದರು. ಗೇಟ್ಸ್ ಬೇಸಿಕ್‌ನ ಮುಖ್ಯ ಭಾಗವನ್ನೂ, ಮಾಂಟಿ ಡೇವಿಡಾಫ್ ಗಣಿತದ ಭಾಗವನ್ನೂ ಬರೆದರು. ಕಾಗದದ ಸುರುಳಿಯಲ್ಲಿ ರಂಧ್ರ ಕೊರೆದು ತುಂಬಿದ ಆ ತಂತ್ರಾಂಶವನ್ನು ಆಲನ್ ವಿಮಾನದಲ್ಲಿ ಆಲ್ಬುಕರ್ಕಿ ನಗರಕ್ಕೆ ಒಯ್ದು, ನಿಜವಾದ ಯಂತ್ರಕ್ಕೆ ಮೊದಲ ಬಾರಿಗೆ ಉಣಿಸಿ, ಎರಡಕ್ಕೆ ಎರಡು ಕೂಡಿಸಲು ಹೇಳಿದರು. ಉತ್ತರ ನಾಲ್ಕು ಎಂದು ಬಂತು. ಅನುಕರಣೆಯಲ್ಲಿ ಒಂದು ಆದೇಶ ತಪ್ಪಿದ್ದರೂ ಆ ದಿನ ಏನೂ ಬರುತ್ತಿರಲಿಲ್ಲ. ಮೈಕ್ರೋಸಾಫ್ಟ್ ಕಂಪನಿ ಹುಟ್ಟಿದ್ದು ಇದಾದ ಮೇಲೆ.

ಬೆಂಗಳೂರಿನ ಸಿಂಪ್ಯೂಟರ್

ನಮ್ಮ ರಾಜ್ಯದಲ್ಲಿ ಈ ಅಂತರದ ಸಮಸ್ಯೆಯನ್ನು ನೇರವಾಗಿ ಎದುರಿಸಿದ ಸಾಹಸವೆಂದರೆ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರು ಸೇರಿ ರೂಪಿಸಿದ ಈ ಅಂಗೈ ಗಣಕ 2001ರ ಏಪ್ರಿಲ್‌ನಲ್ಲಿ ಬೆಳಕು ಕಂಡಿತು. ಸರಳ, ಅಗ್ಗ, ಬಹುಭಾಷಿಕ ಎಂಬುದು ಹೆಸರಿನಲ್ಲಿಯೇ ಅಡಗಿತ್ತು. ಓದು ಬಾರದವರಿಗೂ ಉಪಯೋಗವಾಗಲೆಂದು ಚಿತ್ರ, ಸ್ಪರ್ಶ, ಧ್ವನಿಗಳನ್ನು ನಂಬಿದ ಸಾಧನವದು. ಬರಹವನ್ನು ಓದಿ ಹೇಳುವ ‘ಧ್ವನಿ’ ತಂತ್ರಾಂಶವನ್ನು ರಮೇಶ್ ಹರಿಹರನ್ ಇದಕ್ಕಾಗಿಯೇ ಸಿದ್ಧಪಡಿಸಿದರು. ಅದು ಮಾತನಾಡಿದ ಭಾಷೆಗಳಲ್ಲಿ ಕನ್ನಡವೂ ಒಂದು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸಿದ ‘ಅಮಿಡ’ ಮಾದರಿ ಮಾರುಕಟ್ಟೆಗೆ ಬಂತು. ಕರ್ನಾಟಕದ ಭೂದಾಖಲೆಯ ಕೆಲಸದಲ್ಲಿಯೂ ಸಿಂಪ್ಯೂಟರ್ ಬಳಕೆಯಾಯಿತು. ಚಿಕ್ಕಬಳ್ಳಾಪುರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಈ ನಾಲ್ಕೂ ತಾಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದವು.

ಸಿಂಪ್ಯೂಟರ್‌ನ ಎದೆಯಲ್ಲಿದ್ದುದು ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಎಸ್ಎ-1110. ಹೆಸರು ಇಂಟೆಲ್ ಆದರೂ ಆದೇಶಗಳ ಭಾಷೆ ಆರ್ಮ್‌ನದು, ವೇಗ 206 ಮೆಗಾಹರ್ಟ್ಸ್. ಸ್ಮೃತಿ 32 ಅಥವಾ 64 ಮೆಗಾಬೈಟ್. ಶಾಶ್ವತ ಸಂಗ್ರಹವಂತೂ ಅದಕ್ಕಿಂತಲೂ ಕಡಿಮೆ. ಇಂಥ ಸಾಧನದೊಳಗೆ ಕಂಪೈಲರ್ ಇಟ್ಟು ತಂತ್ರಾಂಶ ಕಟ್ಟುವುದು ದೂರದ ಮಾತು. ದಶಾಂಶ ಗಣಿತ ಮಾಡುವ ಅಂಗವೇ ಈ ಚಿಪ್‌ನಲ್ಲಿರಲಿಲ್ಲ. ಆ ಕಾಲದ ಸ್ಟ್ರಾಂಗ್‌ಆರ್ಮ್ ಲಿನಕ್ಸ್‌ನಲ್ಲಿ ದಶಾಂಶದ ಆದೇಶ ಬಂದಾಗಲೆಲ್ಲ ಕರ್ನೆಲ್ ನಡುವೆ ಪ್ರವೇಶಿಸಿ ಅದನ್ನು ಪೂರ್ಣಾಂಕಗಳ ಲೆಕ್ಕವಾಗಿ ಬಿಡಿಸಿ ಉತ್ತರ ಕೊಡುತ್ತಿತ್ತು. ಅದೂ ಒಂದು ಬಗೆಯ ಅನುಕರಣೆಯೇ. ಹಾಗಾಗಿ ಧ್ವನಿ, ಚಿತ್ರಗಳ ತಂತ್ರಾಂಶ ಬರೆಯುವವರು ದಶಾಂಶಗಳಿಂದ ದೂರವೇ ಉಳಿಯಬೇಕಾಗಿತ್ತು.

2001ರಲ್ಲಿ ಇಂಥ ಸಾಧನಗಳಿಗೆ ತಂತ್ರಾಂಶ ಬರೆಯುವವರಿಗೆ ಇದ್ದ ರೂಢಿಯ ದಾರಿ ಕ್ರಾಸ್ ಕಂಪೈಲರ್. ಕಟ್ಟಿದ್ದನ್ನು ತಂತಿಯ ಮೂಲಕ ಸಾಧನಕ್ಕೆ ಇಳಿಸಿ, ಓಡಿಸಿ, ತಪ್ಪಿದ್ದರೆ ಮತ್ತೆ ಗಣಕಕ್ಕೆ ಮರಳುವುದು. ಕಾಂಪಾಕ್ ಕಂಪನಿಯ ಸಂಶೋಧನಾಲಯವೊಂದು ತನ್ನ ಕೆಲವು ಆರ್ಮ್ ಯಂತ್ರಗಳನ್ನು ದೂರದ ಉತ್ಸಾಹಿಗಳ ಬಳಕೆಗಾಗಿ ಅಂತರ್ಜಾಲದಲ್ಲಿ ತೆರೆದಿಟ್ಟಿದ್ದುಂಟು. ಆದರೆ ದೂರವಾಣಿ ತಂತಿಯ ಅಂತರ್ಜಾಲ ಸಂಪರ್ಕವಿದ್ದ ನಮ್ಮ ಊರುಗಳ ವಿದ್ಯಾರ್ಥಿಗೆ ಅದು ಎಷ್ಟರಮಟ್ಟಿಗೆ ದಕ್ಕುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ದುಭಾಷಿಯ ಕೆಲಸ

ಸಿಂಪ್ಯೂಟರ್ ಬಂದ ಎರಡು ವರ್ಷಗಳ ಬಳಿಕ, 2003ರಲ್ಲಿ, ಫ್ರಾನ್ಸಿನ ಫಾಬ್ರೀಸ್ ಬೆಲ್ಲಾರ್ ಎಂಬ ತಂತ್ರಜ್ಞ ಕ್ಯೂಎಮು ಎಂಬ ಎಮ್ಯುಲೇಟರನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದರು. ಇಂದಿಗೂ ಈ ಕ್ಷೇತ್ರದ ಬೆನ್ನೆಲುಬು ಅದೇ.

ಅದರ ಕೆಲಸವನ್ನು ಚಿಂತಾಮಣಿ, ಬಾಗೇಪಲ್ಲಿ ಕಡೆಯವರಿಗೆ ತಿಳಿಹೇಳುವುದು ಸುಲಭ. ತೆಲುಗು ಮಾತ್ರ ಬಲ್ಲ ರೈತರೊಬ್ಬರು ಕನ್ನಡ ಮಾತ್ರ ಬಲ್ಲ ಅಧಿಕಾರಿಯ ಮುಂದೆ ನಿಂತಿದ್ದಾರೆಂದು ಭಾವಿಸಿ. ನಡುವೆ ಒಬ್ಬ ದುಭಾಷಿ. ಒಂದೊಂದೇ ಪದವನ್ನು ತಿರುಗಿಸುತ್ತಾ ಹೋದರೆ ಸಂಜೆಯಾದರೂ ಕೆಲಸ ಮುಗಿಯದು. ಜಾಣ ದುಭಾಷಿ ಒಂದು ಪೂರ್ತಿ ಮಾತನ್ನು ಕೇಳಿ, ಪೂರ್ತಿಯಾಗಿ ಅನುವಾದಿಸಿ, ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಅದೇ ಮಾತು ಮತ್ತೆ ಬಂದಾಗ ಚೀಟಿ ತೋರಿಸಿದರಾಯಿತು. ಕ್ಯೂಎಮು ಕೂಡ ಆರ್ಮ್ ಆದೇಶಗಳ ಒಂದು ತುಂಡನ್ನು ಒಟ್ಟಾಗಿ ಎತ್ತಿಕೊಂಡು, ಇಂಟೆಲ್ ಆದೇಶಗಳಾಗಿ ತಿರುಗಿಸಿ, ಫಲಿತಾಂಶವನ್ನು ಸ್ಮೃತಿಯಲ್ಲಿ ಕಾಪಿಟ್ಟುಕೊಳ್ಳುತ್ತದೆ. ಪ್ರೋಗ್ರಾಮ್‌ಗಳು ಸ್ವಭಾವತಃ ಒಂದೇ ಆವರ್ತವನ್ನು ಸಾವಿರಾರು ಬಾರಿ ಸುತ್ತುವಂಥವು. ಹಾಗಾಗಿ ಚೀಟಿಗಳ ಲಾಭ ದೊಡ್ಡದು.

ಕ್ಯೂಎಮುವಿಗೆ ಎರಡು ಅವತಾರಗಳು. ಒಂದರಲ್ಲಿ ಅದು ಇಡೀ ಗಣಕವನ್ನೇ ನಟಿಸುತ್ತದೆ: ಪ್ರೊಸೆಸರ್, ಸ್ಮೃತಿ, ತಟ್ಟೆ, ಪರದೆ, ಜಾಲ, ಎಲ್ಲವನ್ನೂ. ಅದರೊಳಗೆ ಬೇರೆ ಕರ್ನೆಲ್ಲೇ ಓಡುತ್ತದೆ. ಇನ್ನೊಂದರಲ್ಲಿ ಕೇವಲ ಒಂದು ಪ್ರೋಗ್ರಾಮ್‌ನ ಆದೇಶಗಳನ್ನು ಮಾತ್ರ ತಿರುಗಿಸುತ್ತದೆ. ಕಡತ ತೆರೆ, ಬರೆ, ಮುಚ್ಚು ಎಂಬಂಥ ಬೇಡಿಕೆಗಳನ್ನು ನಮ್ಮದೇ ಗಣಕದ ಕರ್ನೆಲ್‌ಗೆ ಒಪ್ಪಿಸಿಬಿಡುತ್ತದೆ. ತಂತ್ರಾಂಶ ಕಟ್ಟುವ ಕೆಲಸಕ್ಕೆ ಸಾಮಾನ್ಯವಾಗಿ ಎರಡನೆಯದೇ ಸಾಕು, ವೇಗವೂ ಹೆಚ್ಚು. ಕರ್ನೆಲ್‌ನ ಭಾಗಗಳನ್ನೋ ಸಾಧನ ಚಾಲಕಗಳನ್ನೋ ಪರೀಕ್ಷಿಸುವವರಿಗೆ ಮಾತ್ರ ಮೊದಲನೆಯದು ಅನಿವಾರ್ಯ.

ಪರಿಸರ ಕಟ್ಟುವ ಬಗೆ

ಡೆಬಿಯನ್ ಲಿನಕ್ಸ್ ಇರುವ ಸಾಧಾರಣ ಇಂಟೆಲ್ ಗಣಕವೊಂದು ನಿಮ್ಮ ಬಳಿ ಇದೆಯೆಂದುಕೊಳ್ಳೋಣ. ಅದರೊಳಗೆ ಆರ್ಮ್ ಪರಿಸರ ಕಟ್ಟಲು ಬೇಕಾದುದು ಒಂದು ಖಾಲಿ ಕಡತಕೋಶ. ಡೆಬೂಟ್‌ಸ್ಟ್ರಾಪ್ ಎಂಬ ಉಪಕರಣ ಆ ಕೋಶದೊಳಗೆ ಆರ್ಮ್‌ಗಾಗಿ ಮೊದಲೇ ಸಿದ್ಧವಾಗಿರುವ ಡೆಬಿಯನ್‌ನ ಮೂಲ ಪ್ಯಾಕೇಜ್‌ಗಳನ್ನು ತಂದು ಬಿಚ್ಚಿಡುತ್ತದೆ. ಇದು ಮೊದಲ ಹಂತ. ಬರೀ ಬಿಚ್ಚಿಡುವ ಕೆಲಸವಾದುದರಿಂದ ನಮ್ಮ ಇಂಟೆಲ್ ಉಪಕರಣಗಳೇ ಅದನ್ನು ಮಾಡಬಲ್ಲವು. ಎರಡನೆಯ ಹಂತದಲ್ಲಿ ಪ್ಯಾಕೇಜ್‌ಗಳನ್ನು ಅಣಿಗೊಳಿಸಬೇಕು. ಅದಕ್ಕೆ ಕೋಶದೊಳಗಿನ ಆರ್ಮ್ ಪ್ರೋಗ್ರಾಮ್‌ಗಳು ಓಡಲೇಬೇಕು. ಕ್ಯೂಎಮು ರಂಗಕ್ಕೆ ಬರುವುದು ಇಲ್ಲಿ.

ಲಿನಕ್ಸ್ ಕರ್ನೆಲ್‌ನಲ್ಲಿ ಬಿನ್‌ಫ್ಮಟ್-ಮಿಸ್ಕ್ ಎಂಬ ಸೌಲಭ್ಯವಿದೆ. ‘ತಲೆಬರಹದಲ್ಲಿ ಇಂಥ ಗುರುತಿರುವ ಕಡತ ಕಂಡರೆ ಅದನ್ನು ನೀನು ಓಡಿಸಬೇಡ, ಇವನ ಕೈಗೆ ಕೊಡು’ ಎಂದು ಕರ್ನೆಲ್‌ಗೆ ಮುಂಚಿತವಾಗಿ ಹೇಳಿಡುವ ವ್ಯವಸ್ಥೆ ಇದು. ಗುರುತಿನ ಸಂಖ್ಯೆ 40 ಇರುವ ಕಡತಗಳನ್ನು ಆರ್ಮ್ ಕ್ಯೂಎಮುವಿಗೆ ಕೊಡು ಎಂದು ನೋಂದಾಯಿಸಿದರೆ ಮುಂದಿನದೆಲ್ಲ ತೆರೆಮರೆಯಲ್ಲಿ ನಡೆಯುತ್ತದೆ. ಆರ್ಮ್ ಕಡತವನ್ನು ಕರೆದರೆ ಸಾಕು, ಅದು ಓಡುತ್ತದೆ. ಹಿಂದೆ ಕ್ಯೂಎಮುವಿನ ಪ್ರತಿಯೊಂದನ್ನು ಕೋಶದೊಳಗೂ ನಕಲಿಸಿಡಬೇಕಾಗಿತ್ತು. 2016ರಲ್ಲಿ ಬಂದ ಕರ್ನೆಲ್ 4.8ರಿಂದೀಚೆಗೆ, ನೋಂದಣಿಯಲ್ಲಿ ಸೂಕ್ತ ಗುರುತು ಹಾಕಿದ್ದರೆ ಅದೂ ಬೇಕಿಲ್ಲ.

ಕೊನೆಯದಾಗಿ ಚ್‌ರೂಟ್. ಆ ಕಡತಕೋಶವನ್ನೇ ಇಡೀ ಗಣಕದ ಬೇರು ಎಂದು ಒಳಗಿನ ಪ್ರೋಗ್ರಾಮ್‌ಗಳಿಗೆ ನಂಬಿಸುವ ಆದೇಶವದು. ಅದರೊಳಗೆ ಹೊಕ್ಕು ‘ನೀನು ಯಾವ ಯಂತ್ರ’ ಎಂದು ಕೇಳಿದರೆ ‘ನಾನು ಆರ್ಮ್’ ಎಂಬ ಉತ್ತರ ಬರುತ್ತದೆ. ಅಲ್ಲಿ ಆರ್ಮ್‌ನದೇ ಕಂಪೈಲರ್ ಸ್ಥಾಪಿಸಿ, ನಿಜವಾದ ಆರ್ಮ್ ಗಣಕದ ಮುಂದೆ ಕುಳಿತವರಂತೆ ಕೆಲಸ ಮಾಡಬಹುದು. ಪರೀಕ್ಷಾ ಪ್ರೋಗ್ರಾಮ್‌ಗಳು ಓಡುತ್ತವೆ, ಆಗಷ್ಟೇ ಕಟ್ಟಿದ ಉಪಕರಣಗಳು ಓಡುತ್ತವೆ, ಕಟ್ಟಡ ಅರ್ಧಕ್ಕೆ ನಿಲ್ಲುವುದಿಲ್ಲ. ಈಚಿನ ವರ್ಷಗಳಲ್ಲಿ ಡಾಕರ್ ಬಳಸುವವರು ಒಂದೇ ಆದೇಶದಲ್ಲಿ ಹಲವು ಕುಟುಂಬಗಳಿಗೆ ತಂತ್ರಾಂಶ ಕಟ್ಟುವುದನ್ನು ಕಾಣುತ್ತೇವೆ. ಅದರ ಒಳಗೂ ಹೆಚ್ಚಾಗಿ ಇರುವುದು ಇದೇ ಜೋಡಿ, ಕ್ಯೂಎಮು ಮತ್ತು ಬಿನ್‌ಫ್ಮಟ್-ಮಿಸ್ಕ್.

ಇದಕ್ಕೆ ತೆರಬೇಕಾದ ಬೆಲೆ ಸಮಯ. ದುಭಾಷಿ ಎಷ್ಟೇ ಚುರುಕಾದರೂ ನೇರ ಮಾತಿನ ವೇಗ ಬಾರದು. ಅನುಕರಣೆಯಲ್ಲಿ ಕಟ್ಟುವ ಕೆಲಸ ಹಲವು ಪಟ್ಟು ನಿಧಾನ. ಹತ್ತು ಪಟ್ಟು ಎಂದಿಟ್ಟುಕೊಂಡರೆ, ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ನಲವತ್ತು ನಿಮಿಷ. ಮಧ್ಯಮಮಾರ್ಗವೂ ಉಂಟು. ಪರಿಸರವೆಲ್ಲ ಅನುಕರಣೆಯದು, ಆದರೆ ಹೆಚ್ಚು ದುಡಿಮೆ ಬೇಡುವ ಕಂಪೈಲರ್ ಮಾತ್ರ ನೇರ ಇಂಟೆಲ್‌ನ ಕ್ರಾಸ್ ಕಂಪೈಲರ್. ನೋಕಿಯಾ 2005ರಲ್ಲಿ ಹೊರತಂದ 770 ಎಂಬ ಸಾಧನಕ್ಕೆ ತಂತ್ರಾಂಶ ಬರೆಯುವವರು ಬಳಸುತ್ತಿದ್ದ ಸ್ಕ್ರ್ಯಾಚ್‌ಬಾಕ್ಸ್ ಇದೇ ತತ್ವದ್ದು.

ಕನ್ನಡ ಕೆಡುವುದೆಲ್ಲಿ

ಕಟ್ಟಿದ್ದನ್ನು ಅಲ್ಲಿಯೇ ಓಡಿಸಿ ನೋಡಬಹುದೆಂಬುದು ಅನುಕರಣೆಯ ನಿಜವಾದ ಲಾಭ ಎಂಬುದು ನನ್ನ ಅಭಿಪ್ರಾಯ. ಕನ್ನಡದ ತಂತ್ರಾಂಶ ಬರೆಯುವವರಿಗಂತೂ ಇದು ಬಹಳ ಮುಖ್ಯ. ಕಾರಣ ಹೀಗಿದೆ.

ಸಿ ಭಾಷೆಯಲ್ಲಿ ಒಂದು ಬೈಟ್ ಹಿಡಿಸುವ ಪಾತ್ರೆಗೆ ‘ಕ್ಯಾರ್’ ಎಂದು ಹೆಸರು. ಅದರೊಳಗಿನ ಸಂಖ್ಯೆಗೆ ಋಣ ಚಿಹ್ನೆ ಇರಬಹುದೋ ಇಲ್ಲವೋ ಎಂಬುದನ್ನು ಭಾಷೆಯ ನಿಯಮ ನಿರ್ಧರಿಸದೆ ಯಂತ್ರದ ಪಾಲಿಗೆ ಬಿಟ್ಟಿದೆ. ಎಕ್ಸ್86 ಲಿನಕ್ಸ್‌ನಲ್ಲಿ ಅದು ಋಣವಾಗಬಲ್ಲದು: ಮೈನಸ್ 128ರಿಂದ 127ರವರೆಗೆ. ಆರ್ಮ್ ಲಿನಕ್ಸ್‌ನಲ್ಲಿ ಅದು ಯಾವಾಗಲೂ ಧನ: 0ಯಿಂದ 255ರವರೆಗೆ. ಇಂಗ್ಲಿಷ್ ಅಕ್ಷರಗಳೆಲ್ಲ 127ರ ಒಳಗೇ ಇರುವುದರಿಂದ ಅವುಗಳಿಗೆ ಎರಡೂ ಕಡೆ ಒಂದೇ ಬೆಲೆ. ಕನ್ನಡದ ಪಾಡು ಬೇರೆ. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ‘ಕ’ ಅಕ್ಷರಕ್ಕೆ ಮೂರು ಬೈಟ್‌ಗಳು: 224, 178, 149. ಮೂರೂ 127ನ್ನು ಮೀರಿದವು. ಇದೇ ಬೈಟ್‌ಗಳು ಎಕ್ಸ್86ನ ಕ್ಯಾರ್‌ನಲ್ಲಿ ಮೈನಸ್ 32, ಮೈನಸ್ 78, ಮೈನಸ್ 107 ಆಗಿ ಕಾಣುತ್ತವೆ. ಯೂನಿಕೋಡ್‌ಗೆ ಮುಂಚೆ ಬಳಕೆಯಲ್ಲಿದ್ದ ಇಸ್ಕಿ ಸಂಕೇತದಲ್ಲಿಯೂ ಭಾರತೀಯ ಅಕ್ಷರಗಳು 127ರ ಮೇಲಿನ ಅಂಕಣದಲ್ಲಿಯೇ ಇದ್ದವು.

ಈಗ ಯಾರೋ ಒಬ್ಬರು ‘ಬೈಟ್ ಸೊನ್ನೆಗಿಂತ ಕಡಿಮೆಯಿದ್ದರೆ ಅದು ಕನ್ನಡ, ಇಲ್ಲವಾದರೆ ಇಂಗ್ಲಿಷ್’ ಎಂದು ಪ್ರೋಗ್ರಾಮ್‌ನಲ್ಲಿ ಬರೆದಿದ್ದಾರೆನ್ನೋಣ. ಇಂಟೆಲ್ ಗಣಕದಲ್ಲಿ ಅದು ವರ್ಷಗಟ್ಟಲೆ ಸರಿಯಾಗಿ ನಡೆಯುತ್ತದೆ. ಅದನ್ನೇ ಆರ್ಮ್‌ಗೆ ಕಟ್ಟಿದರೆ ಬೈಟ್ ಎಂದೂ ಸೊನ್ನೆಗಿಂತ ಕಡಿಮೆಯಾಗದು. ಕನ್ನಡವೆಲ್ಲ ಇಂಗ್ಲಿಷ್ ಎಂದು ಎಣಿಕೆಯಾಗಿ, ರಸೀದಿಯಲ್ಲಿ ರೈತರ ಹೆಸರಿನ ಬದಲು ಅರ್ಥವಿಲ್ಲದ ಚಿಹ್ನೆಗಳು ಮುದ್ರಿತವಾಗುತ್ತವೆ. ಕ್ರಾಸ್ ಕಂಪೈಲರ್ ಒಂದೇ ಇದ್ದರೆ ಈ ದೋಷ ಕಾಣುವುದು ಸಾಧನ ಹಳ್ಳಿಗೆ ತಲುಪಿದ ಮೇಲೆ. ಅನುಕರಣ ಪರಿಸರದಲ್ಲಿ ಒಂದು ಕನ್ನಡ ಕಡತವನ್ನು ಓಡಿಸಿದರೆ ಮೇಜಿನ ಮುಂದೆಯೇ ಕಾಣುತ್ತದೆ. ಇಂಗ್ಲಿಷ್‌ನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಎರಡು ಕಡೆಯೂ ಕಾಣದು ಎಂಬುದನ್ನೂ ಹೇಳಬೇಕು.

ಬೈಟ್‌ಗಳ ಸಾಲಿನ ದಿಕ್ಕಿನದೂ ಇಂಥದೇ ಇನ್ನೊಂದು ಕಥೆ. 500 ಗ್ರಾಂ ಎಂಬ ಸಂಖ್ಯೆಯನ್ನು ಎರಡು ಬೈಟ್‌ಗಳಲ್ಲಿ ಒಂದು ಯಂತ್ರ ದೊಡ್ಡ ಅಂಶ ಮುಂದಾಗಿ ಬರೆದು, ಇನ್ನೊಂದು ಚಿಕ್ಕ ಅಂಶ ಮುಂದಾಗಿ ಓದಿದರೆ 62465 ಆಗುತ್ತದೆ. ಇಂಟೆಲ್ ಮತ್ತು ಇಂದಿನ ಆರ್ಮ್ ಲಿನಕ್ಸ್ ಎರಡೂ ಚಿಕ್ಕದನ್ನು ಮುಂದಿಡುವುದರಿಂದ ಇವುಗಳ ನಡುವೆ ಈ ಜಗಳವಿಲ್ಲ. ಆದರೆ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಬಳಸಿ ಬಲ್ಲ 8051 ಚಿಪ್‌ನ ಕೀಲ್ ಕಂಪೈಲರ್ ದೊಡ್ಡದನ್ನು ಮುಂದಿಡುತ್ತದೆ. ಅಂಥ ಸಾಧನದಿಂದ ಬಂದ ಮಾಹಿತಿಯನ್ನು ಗಣಕದಲ್ಲಿ ಓದುವಾಗ ಎಚ್ಚರ ಬೇಕು.

ಅನುಕರಣೆ ಮುಚ್ಚಿಡುವ ದೋಷಗಳು

ಎಮ್ಯುಲೇಟರ್ ನಟನೇ ಹೊರತು ಪಾತ್ರವಲ್ಲ. ಕೆಲವು ಕಡೆ ಅದು ಪಾತ್ರಕ್ಕಿಂತ ಚೆನ್ನಾಗಿ ನಡೆದುಕೊಂಡು ನಮ್ಮನ್ನು ದಾರಿ ತಪ್ಪಿಸುತ್ತದೆ.

ಸ್ಟ್ರಾಂಗ್‌ಆರ್ಮ್‌ನಂಥ ಹಳೆಯ ಚಿಪ್‌ಗಳಲ್ಲಿ ನಾಲ್ಕು ಬೈಟ್‌ಗಳ ಸಂಖ್ಯೆ ನಾಲ್ಕರ ಗುಣಕದ ವಿಳಾಸದಲ್ಲಿಯೇ ಇರಬೇಕು. ತಪ್ಪಿದರೆ ಚಿಪ್ ದೂರು ಹೇಳದೆ ಬೈಟ್‌ಗಳನ್ನು ತಿರುಗಿಸಿ ಬೇರೊಂದು ಸಂಖ್ಯೆಯನ್ನು ಕೈಗಿಡುತ್ತಿತ್ತು. ಇಂಟೆಲ್ ಚಿಪ್‌ಗಳಿಗೆ ಈ ಕಟ್ಟುಪಾಡಿಲ್ಲ. ಅನುಕರಣೆ ನಡೆಯುವುದು ಇಂಟೆಲ್ ಮೇಲಾದುದರಿಂದ ತಪ್ಪು ವಿಳಾಸದ ಓದು ಅಲ್ಲಿ ಸರಿಯಾಗಿಯೇ ಬಂದುಬಿಡುತ್ತದೆ. ನಿಜವಾದ ಸಾಧನದಲ್ಲಿ ತೂಕ ತಪ್ಪುತ್ತದೆ.

ಇನ್ನೊಂದು, ಹೆಚ್ಚು ಜನ ಎಡವುವ ಜಾಗ. ಹೆಸರಿಸಿ ಹೇಳದಿದ್ದರೆ ಕ್ಯೂಎಮು ತನಗೆ ಗೊತ್ತಿರುವ ಎಲ್ಲ ಸೌಲಭ್ಯಗಳಿರುವ ಅತ್ಯುತ್ತಮ ಆರ್ಮ್ ಪ್ರೊಸೆಸರ್‌ನಂತೆ ನಟಿಸುತ್ತದೆ. ಕಟ್ಟುವ ಲಿಪಿ ‘ಇಲ್ಲಿ ಇಷ್ಟೆಲ್ಲ ಸೌಲಭ್ಯವಿದೆ’ ಎಂದು ನಂಬಿ ಹೊಸ ಆದೇಶಗಳನ್ನು ಬಳಸುತ್ತದೆ. ಆ ಕಡತವನ್ನು ಅಗ್ಗದ ಹಳೆಯ ಫಲಕಕ್ಕೆ ಹಾಕಿದರೆ ‘ಅಕ್ರಮ ಆದೇಶ’ ಎಂದು ಒಂದೇ ಕ್ಷಣದಲ್ಲಿ ಸಾಯುತ್ತದೆ. ಡೆಬಿಯನ್‌ನ ‘ಆರ್ಮ್‌ಎಚ್‌ಎಫ್’ ಆವೃತ್ತಿ ಆರ್ಮ್ ಏಳನೆಯ ಪೀಳಿಗೆಗೆ ಕಟ್ಟಿದ್ದು. ಮೊದಲ ರಾಸ್ಪ್‌ಬೆರಿ ಪೈ ಮತ್ತು ಮೊದಲ ಪೈ ಜೀರೋ ಆರನೆಯ ಪೀಳಿಗೆಯವು. ಇದೇ ಕಾರಣಕ್ಕೆ 2012ರಲ್ಲಿ ಮೈಕ್ ಥಾಂಪ್ಸನ್ ಮತ್ತು ಪೀಟರ್ ಗ್ರೀನ್ ಇಡೀ ಡೆಬಿಯನ್ನನ್ನೇ ಆರನೆಯ ಪೀಳಿಗೆಗೆ ಮತ್ತೊಮ್ಮೆ ಕಟ್ಟಿ ರಾಸ್ಪಿಯನ್ ಎಂದು ಹೊರತರಬೇಕಾಯಿತು. ಪರಿಸರ ಕಟ್ಟುವ ಮುನ್ನ ಗುರಿ ಸಾಧನದ ಪೀಳಿಗೆಯನ್ನು ಖಚಿತಪಡಿಸಿಕೊಂಡು ಅದಕ್ಕೆ ತಕ್ಕ ಪ್ರೊಸೆಸರ್ ಮಾದರಿಯನ್ನು ಕ್ಯೂಎಮುವಿಗೆ ಸ್ಪಷ್ಟವಾಗಿ ತಿಳಿಸುವುದೇ ಇದಕ್ಕೆ ಪರಿಹಾರ.

ಒಂದೇ ಪ್ರೋಗ್ರಾಮನ್ನು ತಿರುಗಿಸುವ ಅವತಾರದಲ್ಲಿ ದೋಷಶೋಧಕ ಉಪಕರಣಗಳು ಎಂದಿನಂತೆ ನಡೆಯುವುದಿಲ್ಲ. ಕ್ಯೂಎಮು ತಾನೇ ಒದಗಿಸುವ ಬೇರೆ ದಾರಿಯಲ್ಲಿ ಹೋಗಬೇಕು. ಸಮಯದ ಅಳತೆಯಂತೂ ಪೂರ್ಣ ಸುಳ್ಳು. ಸಾಧನದಲ್ಲಿ ಎಷ್ಟು ಬೇಗ ಓಡೀತೆಂದು ಇಲ್ಲಿ ಅಂದಾಜು ಮಾಡಲಾಗದು.

ಯಾರಿಗೆ ಬೇಕು, ಯಾಕೆ ಬೇಕು

ಇಂದು ಆರ್ಮ್ ಗಣಕಗಳು ಅಪರೂಪವಲ್ಲ. ಅಮೆಜಾನ್ 2018ರಿಂದ ಆರ್ಮ್ ಸರ್ವರ್‌ಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದೆ, ಆಪಲ್‌ನ ಗಣಕಗಳು 2020ರಿಂದ ಆರ್ಮ್‌ಗೆ ಹೊರಳಿವೆ. ದೊಡ್ಡ ಕಂಪನಿಗಳಿಗೆ ಅನುಕರಣೆಯ ಅಗತ್ಯ ಕಡಿಮೆಯಾಗಿದೆ. ಆದರೆ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಹಳೆಯ ಇಂಟೆಲ್ ಗಣಕದ ಮುಂದೆ ಕುಳಿತ ವಿದ್ಯಾರ್ಥಿಗೆ ಇದು ಖರ್ಚಿಲ್ಲದ ದಾರಿ. ಫಲಕ ಕೊಳ್ಳುವ ಮುನ್ನವೇ ಆರ್ಮ್ ಮಾತ್ರವಲ್ಲ, ರಿಸ್ಕ್-ಫೈವ್ ಪರಿಸರವನ್ನೂ ಕಟ್ಟಿ ಕಲಿಯಬಹುದು. ಡೆಬಿಯನ್ 2025ರ ಆಗಸ್ಟ್‌ನಲ್ಲಿ ಹೊರತಂದ 13ನೆಯ ಆವೃತ್ತಿಯಲ್ಲಿ ರಿಸ್ಕ್-ಫೈವ್‌ಗೆ ಅಧಿಕೃತ ಸ್ಥಾನ ದೊರೆತಿದೆ.

ಎರಡನೆಯ ಅಗತ್ಯ ಸಾರ್ವಜನಿಕವಾದದ್ದು. ಸಹಕಾರ ಸಂಘಗಳು, ಇಲಾಖೆಗಳು ಸಾಧನ ಕೊಳ್ಳುವಾಗ ಪೆಟ್ಟಿಗೆಯ ಬೆಲೆ, ಖಾತರಿಯ ಅವಧಿ ನೋಡುತ್ತವೆ. ಆಕರ ಸಂಕೇತ ಕೇಳುವವರು ವಿರಳ. ಅದನ್ನು ಕೇಳಿ ಪಡೆದವರೂ ಯಾವ ಕಂಪೈಲರ್‌ನ ಯಾವ ಆವೃತ್ತಿ, ಯಾವ ಗ್ರಂಥಾಲಯಗಳು ಎಂಬುದನ್ನು ಕೇಳುವುದಿಲ್ಲ. ಐದು ವರ್ಷದ ಬಳಿಕ ದರದ ಸೂತ್ರ ಬದಲಾದಾಗ, ಬರೆದ ಕಂಪನಿ ಮುಚ್ಚಿಹೋಗಿದ್ದರೆ, ಆಕರ ಸಂಕೇತ ಕೈಯಲ್ಲಿದ್ದೂ ಕಟ್ಟಲಾಗದ ಸ್ಥಿತಿ ಬರಬಹುದು. ಆಗ ಉಳಿಯುವ ಮಾರ್ಗ ಎಲ್ಲ ಪೆಟ್ಟಿಗೆಗಳನ್ನೂ ಹೊಸದಾಗಿ ಕೊಳ್ಳುವುದು. ಅದರ ಖರ್ಚು ಬೀಳುವುದು ಹಾಲು ಹಾಕುವವರ ಮೇಲೆಯೇ.

ಚ್‌ರೂಟ್ ಪರಿಸರ ಎಂಬುದು ಒಂದು ಕಡತಕೋಶ ಮಾತ್ರ ಎಂದೆವಷ್ಟೆ. ಅದನ್ನು ಕಂಪೈಲರ್, ಗ್ರಂಥಾಲಯಗಳ ಸಮೇತ ಒಂದೇ ಕಡತವಾಗಿ ಕಟ್ಟಿ, ಆಕರ ಸಂಕೇತದ ಜೊತೆಗಿಟ್ಟು, ಎರಡು ಮೂರು ಕಡೆ ಕಾಪಿಡಬಹುದು. ಮುಂದೆ ಯಾವ ಗಣಕದಲ್ಲಾದರೂ ಬಿಚ್ಚಿ, ಕ್ಯೂಎಮು ಜೋಡಿಸಿ, ಅದೇ ತಂತ್ರಾಂಶವನ್ನು ಕಟ್ಟಬಹುದು. ಖರೀದಿಯ ಕರಾರಿನಲ್ಲಿ ಇದನ್ನು ಒಂದು ಷರತ್ತಾಗಿ ಸೇರಿಸುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಇಲ್ಲೊಂದು ಮಾತು: ತೂಕ ಮತ್ತು ಅಳತೆಯ ಸಾಧನಗಳು 2009ರ ಕಾನೂನು ಮಾಪನ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಪರಿಶೀಲಿಸಿ ಮುದ್ರೆಯೊತ್ತಿದ ತಕ್ಕಡಿಯನ್ನು ಯಾರು ಬೇಕಾದರೂ ಬಿಚ್ಚಿ ಹೊಸ ತಂತ್ರಾಂಶ ತುಂಬುವಂತಿಲ್ಲ. ಕಟ್ಟುವ ಸಾಮರ್ಥ್ಯ ಸಂಘದ ಬಳಿ ಇರಬೇಕೆಂದರೆ ಪರಿಶೀಲನೆಯನ್ನು ಬದಿಗಿಡಬೇಕೆಂದು ಅರ್ಥವಲ್ಲ.

ಸಿಂಪ್ಯೂಟರ್‌ನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅದು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಇಂಟೆಲ್ ಸ್ಟ್ರಾಂಗ್‌ಆರ್ಮ್‌ನ ಜಾಗಕ್ಕೆ ಎಕ್ಸ್‌ಸ್ಕೇಲ್ ತಂದು, 2006ರಲ್ಲಿ ಆ ವ್ಯವಹಾರವನ್ನೂ ಮಾರ್ವೆಲ್ ಕಂಪನಿಗೆ ಮಾರಿತು. ಇಂದು ಯಾರಾದರೂ ಆ ಸಾಧನಕ್ಕೆ ಒಂದು ಪ್ರೋಗ್ರಾಮ್ ಕಟ್ಟಬೇಕೆಂದರೆ ಈಗಿನ ಡೆಬಿಯನ್ ನೆರವಾಗದು. ಸ್ಟ್ರಾಂಗ್‌ಆರ್ಮ್ ಕಾಲದ ಹಳೆಯ ಆರ್ಮ್ ಕ್ರಮಕ್ಕೆ ಸ್ಥಾನವಿದ್ದ ಕೊನೆಯ ಆವೃತ್ತಿ 2009ರಲ್ಲಿ ಬಂದ ಡೆಬಿಯನ್ 5, ‘ಲೆನ್ನಿ’. ಅದರ ಪ್ಯಾಕೇಜ್‌ಗಳು ಡೆಬಿಯನ್‌ನ ಹಳೆಯ ದಾಸ್ತಾನಿನಲ್ಲಿ ಇಂದಿಗೂ ಸಿಗುತ್ತವೆ. ಇದೇ ಎಸ್ಎ-1110 ಚಿಪ್ ಇದ್ದ ಶಾರ್ಪ್ ಕಂಪನಿಯ ಜೌರಸ್ ಎಸ್ಎಲ್-5500 ಸಾಧನದ ನಟನೆಯೂ ‘ಕಾಲಿ’ ಎಂಬ ಹೆಸರಿನಲ್ಲಿ ಕ್ಯೂಎಮುವಿಗೆ ಸೇರಿದೆ. ‘ಧ್ವನಿ’ ತಂತ್ರಾಂಶ ಮಾತ್ರ ಆಕರ ಸಂಕೇತ ಮುಕ್ತವಾಗಿದ್ದ ಕಾರಣ ತನ್ನ ಮೊದಲ ಸಾಧನವನ್ನು ದಾಟಿ ಬಂತು. ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಮುಂದುವರಿಸಿ, ಇನ್ನಷ್ಟು ಭಾರತೀಯ ಭಾಷೆಗಳನ್ನು ಸೇರಿಸಿ, ಸಾಧಾರಣ ಲಿನಕ್ಸ್ ಗಣಕಗಳಲ್ಲಿ ಮಾತನಾಡುವಂತೆ ಮಾಡಿದರು.